‘ಅನಾಥ’ ಶಬ್ದದ ವಿಚಾರ



ತಂದೆತಾಯಿಗಳನ್ನು ಕಳೆದುಕೊಂಡ ಮಗುವನ್ನು ನಾವೆಲ್ಲರೂ ಅನಾಥ ಎನ್ನುತ್ತೇವೆ. ಈ ಮಾತು ಆಡಲು ನಾಲಗೆಗೆ ಯಾವ ತೊಡಕೂ ಆಗುವುದಿಲ್ಲ. ಕರುಣೆಯ ಮಾತೆಂದೇ ನಮಗೆ ತೋರುತ್ತದೆ. ಆದರೆ ಶಬ್ದವನ್ನು ಬಿಡಿಸಿ ನೋಡಿದರೆ ಅದರೊಳಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ, ಮರಣದ ಸುಳಿವೂ ಇಲ್ಲ. ಇರುವುದು ‘ನಾಥ’ ಎಂಬ ಪದ, ಅದಕ್ಕೆ ಮುಂಗಡೆ ಸೇರಿದ ಒಂದು ನಿಷೇಧ. ಸಂಸ್ಕೃತ ಧಾತುಪಾಠವು ‘ನಾಥ್’ ಧಾತುವಿಗೆ ಯಾಚನೆ, ಉಪತಾಪ, ಒಡೆತನ, ಆಶೀರ್ವಾದ ಎಂಬ ಅರ್ಥಗಳನ್ನು ಕೊಡುತ್ತದೆ. ಬೇಡುವವನು ಯಾರ ಮುಂದೆ ಕೈಯೊಡ್ಡಬಹುದೋ, ಯಾರು ಅವನನ್ನು ಹರಸಬಲ್ಲರೋ ಅವರು ನಾಥರು. ಹಾಗೆ ಕೈಯೊಡ್ಡಲು ಯಾರೂ ಇಲ್ಲದವನು ಅನಾಥ.

ಆದುದರಿಂದಲೇ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಈ ಶಬ್ದವು ಎಳೆಯ ಮಕ್ಕಳಿಗೆ ಮಾತ್ರ ಮೀಸಲಾಗಿಲ್ಲ. ದ್ಯೂತಸಭೆಯಲ್ಲಿ ನಿಂತ ದ್ರೌಪದಿಗೆ ಐವರು ಗಂಡಂದಿರು ಎದುರಿಗೇ ಕುಳಿತಿದ್ದರು. ತಂದೆ ದ್ರುಪದನೂ ಅಣ್ಣ ಧೃಷ್ಟದ್ಯುಮ್ನನೂ ಬದುಕಿದ್ದರು. ಆದರೂ ನಾಥರಿದ್ದೂ ಅನಾಥೆಯಂತಾದವಳೆಂದು ಮಹಾಭಾರತವು ಅವಳನ್ನು ಕುರಿತು ಹೇಳುತ್ತದೆ. ಸಂಬಂಧಿಕರ ಸಂಖ್ಯೆಗೂ ಈ ಶಬ್ದಕ್ಕೂ ಲೆಕ್ಕ ಹೊಂದುವುದಿಲ್ಲವೆಂಬುದು ಅಲ್ಲಿಗೇ ಸ್ಪಷ್ಟ. ಇಂದಿನ ಪತ್ರಿಕೆಗಳ ಬಳಕೆಯನ್ನೂ ಗಮನಿಸಿರಿ. ಒಂದು ಪುಟದಲ್ಲಿ ‘ಅನಾಥ ಶವ ಪತ್ತೆ’ ಎಂದಿರುತ್ತದೆ, ಮತ್ತೊಂದು ಪುಟದಲ್ಲಿ ‘ಅನಾಥ ಶಿಶು’ ಎಂದಿರುತ್ತದೆ. ಬಸ್ ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಚೀಲವೂ ಅನಾಥವೇ. ಶವ, ಶಿಶು, ಚೀಲ ಇವು ಮೂರಕ್ಕೂ ಒಂದೇ ವಿಶೇಷಣವು ಸಲ್ಲುವುದಾದರೂ ಹೇಗೆ? ‘ಇದು ನಮ್ಮದು’ ಎಂದು ಹೇಳುವವರು ಮೂರರ ಬಳಿಗೂ ಬಂದಿಲ್ಲವೆಂಬುದೊಂದೇ ಅವುಗಳಲ್ಲಿರುವ ಸಾಮ್ಯ. ಹಾಗಾದರೆ ಈ ಶಬ್ದವು ಮಗುವಿನ ಸುದ್ದಿಯನ್ನು ಹೇಳುತ್ತದೆಯೋ, ಮಗುವಿನ ಸುತ್ತ ನಿಂತವರ ಸುದ್ದಿಯನ್ನು ಹೇಳುತ್ತದೆಯೋ ಎಂಬುದು ವಿಚಾರಣೀಯ.

ಕನ್ನಡಕ್ಕೆ ತನ್ನದೇ ಆದ ಪದವುಂಟು, ತಬ್ಬಲಿ. ತಬ್ಬುವುದಕ್ಕೂ ಈ ಪದಕ್ಕೂ ಸಂಬಂಧವಿದೆಯೆಂದು ಸಾಧಿಸಲು ನಾವು ಹೊರಡುವುದಿಲ್ಲ. ಆದರೆ ಕೇಳಿದ ಕಿವಿಗೆ, ತಬ್ಬಿಕೊಳ್ಳುವವರಿಲ್ಲದ ಮೈ ಕಣ್ಣಮುಂದೆ ನಿಲ್ಲುವುದು ಸುಳ್ಳಲ್ಲ. ‘ಅನಾಥ’ನಿಗೆ ಒಡೆಯನ ಕೊರತೆ, ತಬ್ಬಲಿಗೆ ತಾಯಿಯ ಕೊರತೆ. ನಮ್ಮ ಹಳ್ಳಿಗಳಲ್ಲಿ ಈ ಮಾತನ್ನು ಮಗುವಿಗೆ ಹೇಳುವಷ್ಟೇ ಸಹಜವಾಗಿ ಕರುವಿಗೂ ಹೇಳುತ್ತಾರೆ. ಕರುವಿನ ತಂದೆ ಯಾವ ಹೋರಿಯೆಂದು ಯಾರೂ ಕೇಳುವುದಿಲ್ಲವಷ್ಟೆ. ಗೋವಿನ ಹಾಡನ್ನು ಚಿಕ್ಕಂದಿನಲ್ಲಿ ಕಲಿಯದ ಕನ್ನಡಿಗರು ವಿರಳ. ಶ್ರೀ ಎಸ್. ಎಲ್. ಭೈರಪ್ಪನವರು ತಮ್ಮ 1968ರ ಕಾದಂಬರಿಯೊಂದಕ್ಕೆ ಆ ಹಾಡಿನ ನುಡಿಯನ್ನೇ ಹೆಸರಾಗಿ ಇಟ್ಟುದನ್ನೂ ನೀವು ಬಲ್ಲಿರಿ. ಹುಲಿಗೆ ಕೊಟ್ಟ ಮಾತಿನಂತೆ ಸಾಯಲು ಹೊರಟ ಪುಣ್ಯಕೋಟಿಯು ಕರುವಿಗೆ ನೀನು ತಬ್ಬಲಿಯಾದೆಯೆಂದು ತಾನೇ ಹೇಳುತ್ತಾಳೆ. ಕೇಳಿದವರ ಕಣ್ಣು ಅಲ್ಲಿ ಒದ್ದೆಯಾಗುತ್ತದೆ. ಆದರೆ ಆಕೆ ದೊಡ್ಡಿಯ ಉಳಿದ ಹಸುಗಳ ಕಡೆಗೆ ತಿರುಗಿ ಆಡುವ ಮಾತು ಅದಕ್ಕಿಂತ ಹೆಚ್ಚು ಗಮನಾರ್ಹ. ಅವರನ್ನು ಅಮ್ಮಂದಿರೆಂದು, ಅಕ್ಕಂದಿರೆಂದು, ಒಡಹುಟ್ಟಿದವರೆಂದು ಕರೆದು, ಮುಂದೆ ಬಂದರೆ ಹಾಯಬೇಡಿರಿ, ಹಿಂದೆ ಬಂದರೆ ಒದೆಯಬೇಡಿರಿ, ಈ ಕಂದ ನಿಮ್ಮವನೆಂದು ಕಾಣಿರಿ ಎಂಬ ಭಾವದಲ್ಲಿ ಬೇಡಿಕೊಳ್ಳುತ್ತಾಳೆ. ಹುಲ್ಲನ್ನಾಗಲಿ ನೀರನ್ನಾಗಲಿ ಆಕೆ ಬೇಡಲಿಲ್ಲ. ಹಾಯದಿರುವುದು, ಒದೆಯದಿರುವುದು ಇಷ್ಟೇ ಮೊದಲಿನ ಬೇಡಿಕೆ. ತಾಯಿಯಿಲ್ಲದ ಕರು ಮಂದೆಯಲ್ಲಿ ಏನು ಪಡುತ್ತದೆಂಬುದನ್ನು ದನ ಕಾಯ್ದವನೇ ಹೀಗೆ ಕಟ್ಟಬಲ್ಲನು.

ಇವೆರಡರ ಜೊತೆಗೆ ‘ದಿಕ್ಕಿಲ್ಲದವನು’ ಎಂಬ ಮಾತೂ, ‘ಪರದೇಶಿ’ ಎಂಬ ಮಾತೂ ನಮ್ಮಲ್ಲಿವೆ. ಪರದೇಶಿ ಎಂದರೆ ಅನ್ಯದೇಶದವನು. ಆದರೆ ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಹೆತ್ತವರನ್ನು ಕಳೆದುಕೊಂಡು, ಹುಟ್ಟಿದೂರಿನಲ್ಲಿಯೇ ಬೆಳೆಯುತ್ತಿರುವ ಮಗುವೂ ಪರದೇಶಿಯೇ. ಮನೆ ಅದೇ, ಬೀದಿ ಅದೇ. ಎರಡು ಜೀವಗಳು ಹೋದೊಡನೆ ಊರೇ ಪರದೇಶವಾಗುವುದು.

ಈ ಅನುಭವವು ಕನ್ನಡಿಗರದು ಮಾತ್ರವಲ್ಲ. ಯಹೂದ್ಯರ ಧರ್ಮಗ್ರಂಥದಲ್ಲಿ ಪರಕೀಯ, ತಂದೆಯಿಲ್ಲದ ಮಗು, ವಿಧವೆ ಈ ಮೂವರ ಹೆಸರು ಮತ್ತೆ ಮತ್ತೆ ಒಟ್ಟಿಗೇ ಬರುತ್ತದೆ. ಧರ್ಮೋಪದೇಶಕಾಂಡವು ಹೊಲದೊಡೆಯನಿಗೆ ವಿಧಿಸುವುದನ್ನು ನೋಡಿರಿ: ಸುಗ್ಗಿಯಲ್ಲಿ ಒಂದು ಸಿವುಡನ್ನು ಹೊಲದಲ್ಲಿ ಮರೆತು ಬಂದರೆ ಅದನ್ನು ತರಲು ಹಿಂದಿರುಗಬಾರದು, ಎಣ್ಣೆಮರದ ಕೊಂಬೆಗಳನ್ನು ಎರಡನೆಯ ಸಲ ತಡಕಬಾರದು, ದ್ರಾಕ್ಷಿಯ ತೋಟದಲ್ಲಿ ಹಕ್ಕಲಾಯಬಾರದು, ಉಳಿದುದು ಆ ಮೂವರ ಪಾಲು. ಅದು ದಾನವಲ್ಲ, ಪಾಲು. ಕೊಟ್ಟವನ ಮುಖವನ್ನು ಪಡೆದವನು ನೋಡಬೇಕಾಗಿಲ್ಲ. ನಮ್ಮಲ್ಲಿ ಇಂದು ಎರಡು ನೋಟುಪುಸ್ತಕ ಕೊಡುವಾಗಲೂ ಛಾಯಾಚಿತ್ರ ತೆಗೆಸಿಕೊಳ್ಳುವವರು ಈ ವಿಧಿಯನ್ನು ಒಮ್ಮೆ ಮನನ ಮಾಡುವುದೊಳ್ಳೆಯದು.

ಹೀಬ್ರೂವಿನಲ್ಲಿ ಇಂತಹ ಮಗು ‘ಯಾತೋಮ್’, ಅರಬ್ಬಿಯಲ್ಲಿ ‘ಯತೀಮ್’. ಎರಡೂ ಒಂದೇ ಧಾತುವಿನಿಂದ ಬಂದವು. ನಮ್ಮ ಊರುಗಳಲ್ಲಿ ಮುಸಲ್ಮಾನ ಬಾಂಧವರು ನಡೆಸುವ ಯತೀಮ್‌ಖಾನೆಗಳ ಹೆಸರಿನಲ್ಲಿರುವುದೂ ಇದೇ ಶಬ್ದ. ಅರಬ್ಬಿಯ ಕೋಶಕಾರರು ಒಂದು ಸೂಕ್ಷ್ಮವನ್ನು ಹೇಳಿದ್ದಾರೆ: ಮನುಷ್ಯರಲ್ಲಿ ತಂದೆಯನ್ನು ಕಳೆದುಕೊಂಡದ್ದು ಯತೀಮ್, ಪ್ರಾಣಿಗಳಲ್ಲಿ ತಾಯಿಯನ್ನು ಕಳೆದುಕೊಂಡದ್ದು ಯತೀಮ್. ನಮ್ಮ ಅನಾಥ–ತಬ್ಬಲಿಗಳ ನಡುವಣ ಭೇದವನ್ನೇ ಅವರು ಬೇರೊಂದು ದಾರಿಯಲ್ಲಿ ಮುಟ್ಟಿದಂತಿದೆ. ಮನುಷ್ಯಸಮಾಜದಲ್ಲಿ ಆಸ್ತಿ, ಕುಲ, ರಕ್ಷಣೆಗಳು ತಂದೆಯ ಹೆಸರಿನಿಂದ ಸಾಗಿಬಂದವು. ಹಾಲು ಮಾತ್ರ ಎಲ್ಲ ಜಾತಿಯ ಜೀವಿಗಳಲ್ಲಿಯೂ ತಾಯಿಯದೇ. ಇದೇ ಶಬ್ದಕ್ಕೆ ಅರಬ್ಬಿಯಲ್ಲಿ ‘ಸಾಟಿಯಿಲ್ಲದ ಒಂಟಿ’ ಎಂಬ ಅರ್ಥವೂ ಇದ್ದು, ಜೋಡಿ ಸಿಕ್ಕದ ಅಪೂರ್ವವಾದ ಮುತ್ತನ್ನೂ ಯತೀಮ್ ಎನ್ನುತ್ತಾರೆ. ಪ್ರವಾದಿ ಮಹಮ್ಮದರು ಹುಟ್ಟುವ ಮೊದಲೇ ತಂದೆಯನ್ನೂ, ಸುಮಾರು ಆರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡು ಮೊದಲು ಅಜ್ಜನ, ಬಳಿಕ ದೊಡ್ಡಪ್ಪನ ಆಶ್ರಯದಲ್ಲಿ ಬೆಳೆದವರು. ಕುರಾನಿನ 4ನೆಯ ಅಧ್ಯಾಯವು ಯತೀಮರ ಆಸ್ತಿಯ ಬಗೆಗೆ ಬಹು ಕಟ್ಟುನಿಟ್ಟಾಗಿದೆ. ಪ್ರಾಪ್ತವಯಸ್ಕರಾದೊಡನೆ ಸಾಕ್ಷಿಗಳ ಎದುರಿಗೆ ಅದನ್ನು ಒಪ್ಪಿಸಬೇಕು. ಅನ್ಯಾಯವಾಗಿ ತಿಂದವರು ಹೊಟ್ಟೆಗೆ ಬೆಂಕಿಯನ್ನು ತುಂಬಿಕೊಂಡಂತೆ ಎಂದು ಎಚ್ಚರಿಸುತ್ತದೆ. ನಮ್ಮ ಮನುಸ್ಮೃತಿಯೂ ಬಾಲಕನ ಸೊತ್ತನ್ನು ಅವನು ವಿದ್ಯೆ ಮುಗಿಸಿ ಬರುವವರೆಗೆ ಅಥವಾ ಬಾಲ್ಯ ಕಳೆಯುವವರೆಗೆ ರಾಜನು ಕಾಯಬೇಕೆನ್ನುತ್ತದೆ. ಬಾಲರು, ವೃದ್ಧರು, ಆಪತ್ತಿಗೀಡಾದವರು, ಅನಾಥರು ಇವರನ್ನು ಹೊರುವುದು ರಾಜನ ಹೊಣೆಯೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಧರ್ಮಶಾಸ್ತ್ರಗಳೆಲ್ಲ ಇಲ್ಲಿ ಕಣ್ಣೀರಿನ ಮಾತಿಗಿಂತ ಲೆಕ್ಕದ ಮಾತನ್ನು ಹೆಚ್ಚಾಗಿ ಆಡುತ್ತವೆ. ಹೆತ್ತವರಿಲ್ಲದ ಮಗುವಿನ ಮೊದಲ ಶತ್ರು ಹಲವು ವೇಳೆ ಅದರ ಹೊಲದ ಮೇಲೆ ಕಣ್ಣಿಟ್ಟ ದಾಯಾದಿಯೇ ಆಗಿರುತ್ತಾನೆಂಬುದು ಅವಕ್ಕೆ ತಿಳಿದಿತ್ತು.

ಯುರೋಪಿನ ಶಬ್ದದ ಕಥೆ ಇದಕ್ಕಿಂತಲೂ ವಿಚಿತ್ರವಾದುದು. ಇಂಗ್ಲಿಷಿನ ‘ಆರ್ಫನ್’ ಬಂದದ್ದು ಗ್ರೀಕಿನ ‘ಓರ್ಫನೋಸ್’ ಶಬ್ದದಿಂದ. ಅದರ ಮೂಲಧಾತುವನ್ನು ಹುಡುಕಿ ಹೊರಟ ಭಾಷಾಶಾಸ್ತ್ರಜ್ಞರು ಒಂದು ಆಸರೆಯಿಂದ ಮತ್ತೊಂದಕ್ಕೆ ದಾಟಿಹೋಗುವುದೆಂಬ ಅರ್ಥವನ್ನು ಅಲ್ಲಿ ಊಹಿಸಿದ್ದಾರೆ. ಆ ಬೇರಿನಿಂದ ಲ್ಯಾಟಿನ್ನಿನಲ್ಲಿ, ಕಳೆದುಕೊಂಡವನೆಂಬ ಅರ್ಥದ ‘ಓರ್ಬುಸ್’ ಹುಟ್ಟಿತು. ಜರ್ಮನ್ನಿನಲ್ಲಿ ‘ಎರ್ಬೆ’ ಹುಟ್ಟಿತು. ಅದರ ಅರ್ಥ ವಾರಸುದಾರ, ಪಿತ್ರಾರ್ಜಿತ. ಹಳೆಯ ಸ್ಲಾವ್ ಭಾಷೆಯಲ್ಲಿ ಅದೇ ಬೇರು ‘ರಾಬ್’ ಆಗಿ ಗುಲಾಮನೆಂಬ ಅರ್ಥವನ್ನು ತಾಳಿತು. ಅಲ್ಲಿಂದ ಚೆಕ್ ಭಾಷೆಯ ‘ರೊಬೊಟಾ’. ನಮ್ಮಲ್ಲಿ ಹೇಳುವಂತೆ ಬಿಟ್ಟಿ ಚಾಕರಿ. 1920ರಲ್ಲಿ ಕಾರೆಲ್ ಚಾಪೆಕ್ ಎಂಬ ಚೆಕ್ ಲೇಖಕನು ತನ್ನ ನಾಟಕದ ಕೃತಕ ಮನುಷ್ಯರಿಗೆ ಅದರಿಂದಲೇ ‘ರೊಬೊಟ್’ ಎಂಬ ಹೆಸರನ್ನು ಕೊಟ್ಟನು. ನಮ್ಮ ‘ಅರ್ಭಕ’ ಶಬ್ದವೂ ಇದೇ ಮನೆತನದ್ದೆಂದು ವಿದ್ವಾಂಸರಲ್ಲಿ ಹಲವರು ಭಾವಿಸುತ್ತಾರೆ. ವಿಶ್ವವಿದ್ಯಾಲಯದಲ್ಲಿ ಓದುವಾಗ ಈ ವಂಶವೃಕ್ಷವನ್ನು ಮೊದಲು ಕಂಡು ನಾವು ಬೆರಗಾಗಿದ್ದೆವು. ಹೆತ್ತವರು ಹೋದ ಮಗುವಿನ ಮುಂದೆ ಎರಡೇ ದಾರಿ: ತಂದೆಯ ಹೊಲಕ್ಕೆ ವಾರಸುದಾರನಾಗುವುದು, ಅಥವಾ ಮತ್ತೊಬ್ಬನ ಮನೆಯಲ್ಲಿ ಬಿಟ್ಟಿಯಾಳಾಗುವುದು. ಯಾವ ದಾರಿ ಎಂಬುದನ್ನು ಮಗು ತಾನು ನಿರ್ಧರಿಸಲಾರದು. ಚಿಕ್ಕಪ್ಪನ ಮನೆಯಲ್ಲಿ ಸಾಕಿಕೊಂಡಿದ್ದೇವೆಂದು ಹೇಳುತ್ತಲೇ ಮಗುವಿಗೆ ಸಗಣಿಯ ಬುಟ್ಟಿ ಹೊರಿಸಿ, ತಮ್ಮ ಮಕ್ಕಳಿಗೆ ಶಾಲೆಯ ಚೀಲ ಹೊರಿಸುವುದನ್ನು ನೀವೂ ಕಂಡಿದ್ದೀರಿ. ಶಬ್ದವು ಅದನ್ನೆಲ್ಲ ಸಾವಿರಾರು ವರ್ಷಗಳಿಂದ ತನ್ನೊಳಗೆ ಇಟ್ಟುಕೊಂಡಿದೆ.

ಚೀನೀಯರ ‘ಗು’ ಎಂಬ ಅಕ್ಷರದ ಸಂಗತಿಯನ್ನು ಇಷ್ಟರಲ್ಲೇ ಹೇಳಿಬಿಡಬಹುದು. ಅದರರ್ಥ ತಂದೆಯಿಲ್ಲದ ಮಗು, ಒಬ್ಬಂಟಿ. ಮೆನ್ಷಿಯಸ್ ಎಂಬ ತತ್ತ್ವಜ್ಞನು ಯಾರಿಗೂ ಹೇಳಿಕೊಳ್ಳಲಾರದ ನಾಲ್ವರನ್ನು ಎಣಿಸುವಾಗ ಈ ಮಗುವನ್ನು ಸೇರಿಸಿ, ಆಳುವವನ ಮೊದಲ ಗಮನ ಅವರಿಗೆ ಸಲ್ಲಬೇಕೆಂದನು. ಆದರೆ ಪ್ರಾಚೀನ ಚೀನಾದ ಅರಸರು ತಮ್ಮನ್ನು ತಾವು ಹೇಳಿಕೊಳ್ಳುವಾಗ ‘ನಾನು’ ಎನ್ನುವುದಕ್ಕೆ ಬದಲು ಇದೇ ಪದವನ್ನು ಬಳಸುತ್ತಿದ್ದರು. ಅರಸನಿಗೆ ವಿನಯದ ಭೂಷಣವಾದುದು ಮಗುವಿಗೆ ಹಣೆಬರಹ!

ಇಷ್ಟು ಭಾಷೆಗಳ ಮಾತನ್ನು ಏಕೆ ತಂದೆವೆಂದರೆ, ಇವುಗಳ ಬಳಕೆಯಲ್ಲಿ ಒಂದು ವಿಶೇಷವಿದೆ. ಸಂಸ್ಕೃತ ವ್ಯಾಕರಣದಲ್ಲಿ ಅವನು–ಅವಳು ಎಂಬುದು ಪ್ರಥಮಪುರುಷ, ನೀನು ಎಂಬುದು ಮಧ್ಯಮಪುರುಷ, ನಾನು ಎಂಬುದು ಉತ್ತಮಪುರುಷ. ಮೇಲೆ ಹೇಳಿದ ಶಾಸ್ತ್ರವಿಧಿಗಳಲ್ಲಿ ಅನಾಥನು ಪ್ರಥಮಪುರುಷದಲ್ಲಿ ಬರುತ್ತಾನೆ. ಶಾಸ್ತ್ರವು ಮಾತನಾಡುವುದು ಹೊಲದೊಡೆಯನೊಡನೆ, ದಾಯಾದಿಯೊಡನೆ, ರಾಜನೊಡನೆ. ಮಾತು ಮಾತ್ರ ಮಗುವನ್ನು ಕುರಿತದ್ದು. ಮಗುವನ್ನೇ ಎದುರಿಗೆ ನಿಲ್ಲಿಸಿಕೊಂಡು ‘ನೀನು ಅನಾಥ’ ಎಂದು ಅವು ಹೇಳುವುದಿಲ್ಲ. ಕುರಾನಿನ 93ನೆಯ ಅಧ್ಯಾಯವು ಪ್ರವಾದಿಯನ್ನೇ ಕುರಿತು ಅವರ ಯತೀಮತನವನ್ನು ನೆನಪಿಸುತ್ತದೆ, ನಿಜ. ಆದರೆ ಅಲ್ಲಿ ಅದು ಕಳೆದುಹೋದ ಸಂಗತಿ, ಆಶ್ರಯ ದೊರೆತಾದ ಮೇಲಿನ ಮಾತು. ನೆನಪಿಸಿದ ಉದ್ದೇಶವಾದರೂ ನೀನು ಯತೀಮರನ್ನು ಪೀಡಿಸಬೇಡವೆಂಬುದು. ಯೋಹಾನನ ಸುವಾರ್ತೆಯಲ್ಲಿ ಯೇಸುವು ಶಿಷ್ಯರಿಗೆ ಈ ಶಬ್ದವನ್ನು ಹೇಳುವುದು ಹಾಗೆ ಬಿಟ್ಟುಹೋಗುವುದಿಲ್ಲವೆಂಬ ನಿಷೇಧದೊಡನೆ. ಮಧ್ಯಮಪುರುಷದಲ್ಲಿ, ಅಡೆಯಿಲ್ಲದೆ, ಮಗುವಿನ ಮುಖಕ್ಕೇ ಹೇಳಿದವಳು ಪುಣ್ಯಕೋಟಿ ಒಬ್ಬಳು. ಅವಳು ತಾಯಿ, ಹೇಳಿದ ಮೇಲೆ ಮಂದೆಯನ್ನೆಲ್ಲ ತಾಯಂದಿರನ್ನಾಗಿ ಮಾಡಿ ಹೋದಳು. ಆ ಅಧಿಕಾರ ನಮಗಿಲ್ಲ.

ಈಗ ವ್ಯಾವಹಾರಿಕ ವಿಚಾರಕ್ಕೆ ಬರೋಣ. ದಾಸೋಹಕ್ಕೆ ದ್ರವ್ಯ ಸಲ್ಲಿಸುವ ಭಕ್ತರು ಕೆಲವರು ನಮ್ಮನ್ನು ಕೇಳುವುದುಂಟು: “ಬುದ್ಧಿ, ಪ್ರಸಾದನಿಲಯದ ಒಂದು ಭಾಗಕ್ಕೆ ಅನಾಥಾಶ್ರಮ ಎಂದು ಫಲಕ ಹಾಕಿಸಬಾರದೆ? ಕೊಡುವವರು ಹೆಚ್ಚುತ್ತಾರೆ.” ಅವರ ಮಾತು ಸುಳ್ಳಲ್ಲ. ಆ ಒಂದಕ್ಷರದ ನಿಷೇಧವು ಜೇಬುಗಳನ್ನು ಬಿಚ್ಚಿಸುತ್ತದೆ. ಆದರೆ ಫಲಕವನ್ನು ಓದುವವರು ದಾನಿಗಳು ಮಾತ್ರವಲ್ಲ. ದಿನಕ್ಕೆ ನಾಲ್ಕು ಬಾರಿ ಅದರ ಕೆಳಗೆ ಹಾದುಹೋಗುವ ಹುಡುಗರೂ ಓದುತ್ತಾರೆ, ಅವರ ಸಹಪಾಠಿಗಳೂ ಓದುತ್ತಾರೆ. ದಾನಿಯು ಹಣವನ್ನು ಕೊಟ್ಟನು. ಅದರ ಬೆಲೆಯನ್ನು ತೆತ್ತವನು ಹುಡುಗ. ಅಲ್ಲದೆ ಶಬ್ದಾರ್ಥವನ್ನು ನೋಡಿದರೂ ಆ ಫಲಕವು ಅಸತ್ಯ. ಉಣಿಸುವವರು, ಓದಿಸುವವರು, ಜ್ವರ ಬಂದರೆ ರಾತ್ರಿ ಎದ್ದು ಕೂರುವವರು ಇರುವಲ್ಲಿ ಅವನು ಅನಾಥನಲ್ಲ. ಅವರಿಲ್ಲವಾದರೆ ಅದು ಆಶ್ರಮವಲ್ಲ.

ಹಾಗೆಂದು ಶಬ್ದವನ್ನೇ ಕೋಶದಿಂದ ಕಿತ್ತುಹಾಕಬೇಕೆನ್ನುವವರ ಪಕ್ಷವನ್ನೂ ನಾವು ಒಪ್ಪಲಾರೆವು. ‘ಎಲ್ಲರೂ ದೇವರ ಮಕ್ಕಳು, ಅನಾಥರಾರು?’ ಎಂದು ಸಭೆಯಲ್ಲಿ ಹೇಳುವುದು ಸೊಗಸು. ಹೆಸರನ್ನು ಅಳಿಸಿದರೆ ಹೆಸರಿನ ಜೊತೆಗಿದ್ದ ಪಾಲೂ ಅಳಿಯುತ್ತದೆ. ಹೊಲದ ಮರೆತ ಸಿವುಡು ಯಾರದೆಂದು ಆಮೇಲೆ ಹೇಳುವವರಾರು? ಭಾರತದ 2015ರ ಬಾಲನ್ಯಾಯ ಕಾಯಿದೆಯು ಅನಾಥನ ಲಕ್ಷಣವನ್ನು ಎರಡು ಬಗೆಯಾಗಿ ಹೇಳುತ್ತದೆ. ಹೆತ್ತವರಾಗಲಿ ದತ್ತು ಪಡೆದವರಾಗಲಿ ಕಾನೂನುಬದ್ಧ ಪೋಷಕರಾಗಲಿ ಇಲ್ಲದ ಮಗು ಒಂದು. ಪೋಷಕರಿದ್ದರೂ ನೋಡಿಕೊಳ್ಳಲು ಮನಸ್ಸಿಲ್ಲದ ಅಥವಾ ಶಕ್ತಿಯಿಲ್ಲದವರ ಕೈಯಲ್ಲಿರುವ ಮಗು ಮತ್ತೊಂದು. ಎರಡನೆಯದನ್ನು ಓದಿದಾಗ ಶಾಸನವು ಅರಿಯದೆಯೇ ಧಾತುಪಾಠದ ಬಳಿಗೆ ಬಂದು ನಿಂತಿದೆಯೆನಿಸಿತು. ಮಹಾರಾಷ್ಟ್ರ ಸರ್ಕಾರವು 2018ರಲ್ಲಿ ಅನಾಥರಿಗೆ ಶಿಕ್ಷಣ ಮತ್ತು ನೌಕರಿಗಳಲ್ಲಿ ಶೇಕಡಾ 1ರಷ್ಟು ಮೀಸಲಾತಿಯನ್ನು ತಂದಿತು. ಕೋವಿಡ್ ಮಹಾಮಾರಿಯಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗಾಗಿ ಕರ್ನಾಟಕವು 2021ರಲ್ಲಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿಗಳ ನೆರವನ್ನು ಘೋಷಿಸಿತು. ಇವಕ್ಕೆಲ್ಲ ಶಬ್ದವೊಂದು ಬೇಕು, ಪತ್ರವೊಂದು ಬೇಕು. ಆ ಪತ್ರ ಕಪಾಟಿನಲ್ಲಿರಲಿ, ಮಗುವಿನ ಹಣೆಯ ಮೇಲೆ ಬೇಡವೆಂಬುದಷ್ಟೇ ನಮ್ಮ ವಾದ.

ಇನ್ನು ಉತ್ತಮಪುರುಷದ ಬಳಕೆ. ಜೈನರ ಉತ್ತರಾಧ್ಯಯನ ಸೂತ್ರದ 20ನೆಯ ಅಧ್ಯಯನದಲ್ಲಿ ಒಂದು ಪ್ರಸಂಗವಿದೆ. ಮಗಧದ ಅರಸ ಶ್ರೇಣಿಕನು ಉದ್ಯಾನದಲ್ಲಿ ಮರದಡಿ ಕುಳಿತ ತರುಣ ಮುನಿಯನ್ನು ಕಂಡು, ಇಷ್ಟು ಎಳೆಯ ವಯಸ್ಸಿಗೆ ಸಂನ್ಯಾಸವೇಕೆಂದು ಕೇಳುತ್ತಾನೆ. ನಾನು ಅನಾಥನೆಂದು ಮುನಿ ಹೇಳುತ್ತಾನೆ. ನಾನೇ ನಿನಗೆ ನಾಥನಾಗುವೆನೆಂದು ಅರಸನು ನಗುತ್ತಾನೆ. ನೀನೇ ಅನಾಥ, ಮತ್ತೊಬ್ಬರಿಗೆ ನಾಥನಾಗುವುದೆಂತು ಎಂದು ಮುನಿಯ ಉತ್ತರ. ಆತನಿಗೆ ತಂದೆ ಇದ್ದನು, ಕೌಶಾಂಬಿಯ ದೊಡ್ಡ ಧನಿಕ. ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಪಕ್ಕ ಬಿಡದ ಹೆಂಡತಿ ಎಲ್ಲರೂ ಇದ್ದರು. ಆದರೆ ಒಮ್ಮೆ ಕಣ್ಣಿನ ಘೋರವಾದ ಬೇನೆ ಬಂದಾಗ ತಂದೆಯ ಸಂಪತ್ತೂ ತಾಯಿಯ ಕಣ್ಣೀರೂ ಅದನ್ನು ಎಳ್ಳಷ್ಟೂ ಹಂಚಿಕೊಳ್ಳಲಾರದೆ ಹೋದವು. ಅದು ತನ್ನ ಅನಾಥತೆ ಎಂದನು. ವ್ರತ ಹಿಡಿದೂ ನಡೆಯಲಾರದ ಸಂನ್ಯಾಸಿಗಳದು ಮತ್ತೊಂದು ಬಗೆಯ ಅನಾಥತೆಯೆಂದು ಅದೇ ಪ್ರಸಂಗದಲ್ಲಿ ಬರುತ್ತದೆ. ಕಾವಿ ಉಟ್ಟ ನಮ್ಮಂಥವರು ಅದನ್ನು ಎರಡು ಸಲ ಓದತಕ್ಕದ್ದು.

ಇದು ಮೇಲ್ಮಟ್ಟದ ತತ್ತ್ವ. ಆದರೆ ಇದನ್ನು ಯಾರು ಯಾರಿಗೆ ಹೇಳಿದರೆಂಬುದನ್ನು ಮರೆಯಬಾರದು. ಏನೂ ಇಲ್ಲದ ಮುನಿಯು ಎಲ್ಲ ಇದ್ದ ಅರಸನಿಗೆ ಹೇಳಿದನು. ಅದೇ ಮಾತನ್ನು ಉಂಡ ಅರಸನು ಹಸಿದ ಮಗುವಿಗೆ ಹೇಳಿದರೆ, ‘ನಾವೆಲ್ಲರೂ ಅನಾಥರೇ, ಅಳಬೇಡ’ ಎಂದರೆ, ಅದು ವೇದಾಂತವಲ್ಲ, ಕ್ರೌರ್ಯ. ವಿರಕ್ತರಾದ ನಾವು ಪೂರ್ವಾಶ್ರಮದ ತಂದೆತಾಯಿಗಳ ಹೆಸರನ್ನು ಬಿಟ್ಟವರು, ಗುರುವಿನ ಕರಸಂಜಾತರೆನಿಸಿಕೊಂಡವರು. ನಾವೂ ನೀವೂ ಒಂದೇ ಎಂದು ಪ್ರಸಾದನಿಲಯದ ಹುಡುಗನಿಗೆ ಹೇಳಬೇಕೆಂದು ಎಷ್ಟೋ ಸಲ ನಾಲಗೆಯ ತುದಿಗೆ ಬರುವುದುಂಟು, ಹೇಳಿಲ್ಲ. ನಾವು ಬಿಟ್ಟುಬಂದೆವು, ಅವನಿಂದ ಕಿತ್ತುಕೊಳ್ಳಲಾಯಿತು. ಅವೆರಡೂ ಒಂದೇ ಅಲ್ಲ.

ಶರಣರ ಪರಂಪರೆಯಲ್ಲಿ ಈ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದ ಒಬ್ಬ ತಾಯಿಯುಂಟು, ಬೆಜ್ಜಮಹಾದೇವಿ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಆಕೆಯ ಕಥೆಯಿದೆ. 1369ರಲ್ಲಿ ಅದನ್ನು ಆಧರಿಸಿ ಭೀಮಕವಿಯು ಕನ್ನಡ ಬಸವಪುರಾಣವನ್ನು ರಚಿಸಿದನು. ಎಲ್ಲರಿಗೂ ಬಂಧುಗಳಿರುವಾಗ ಶಿವನಿಗೆ ತಾಯಿ ಇಲ್ಲವಲ್ಲಾ ಎಂದು ಆಕೆಗೆ ಒಂದು ದಿನ ಹೊಳೆಯಿತು. ತಾಯಿ ಇದ್ದಿದ್ದರೆ ಮಗನನ್ನು ವಿಷ ಕುಡಿಯಗೊಡುತ್ತಿದ್ದಳೆ? ಸುಡುಗಾಡಿನಲ್ಲಿ ಮಲಗಗೊಡುತ್ತಿದ್ದಳೆ? ತೊಗಲುಟ್ಟು ತಿರಿದುಣ್ಣಗೊಡುತ್ತಿದ್ದಳೆ? ಪುರಾಣಗಳು ಶಿವನ ಮಹಿಮೆಯೆಂದು ಹೊಗಳಿದ ಒಂದೊಂದು ಲಕ್ಷಣವೂ ಆಕೆಗೆ ತಬ್ಬಲಿಯ ಲಕ್ಷಣವಾಗಿ ಕಂಡಿತು. ಆದರೆ ಆಕೆ ಲಿಂಗದ ಮುಂದೆ ನಿಂತು ‘ಅಯ್ಯೋ ಅನಾಥನೇ’ ಎನ್ನಲಿಲ್ಲ. ಕೂಸನ್ನು ಎರೆಯುವಂತೆ ಎರೆದಳು, ಕಾಡಿಗೆ ಹಚ್ಚಿದಳು, ಹಾಲೂಡಿಸಿದಳು. ಶಿವನೂ ಆಕೆಗೆ ಮಗುವಾಗಿ, ಪರೀಕ್ಷೆಗೆಂದು ಮಕ್ಕಳ ಕಾಯಿಲೆಯನ್ನು ನಟಿಸಿದಾಗ, ಆಕೆ ಜೀವ ಬಿಡಲು ಸಿದ್ಧಳಾದಳು. ಲೋಕನಾಥನು ಅನಾಥನೆಂಬ ಸಂಗತಿ ಜ್ಞಾನಿಗಳಿಗೆ ಅಜ, ಅನಾದಿ ಎಂಬ ವಿಶೇಷಣಗಳಾಗಿ ಕಂಡಿತ್ತು. ಬೆಜ್ಜಮಹಾದೇವಿಗೆ ಅದು ಅಂದಿನ ಮನೆಗೆಲಸವಾಯಿತು.

ನಮ್ಮ ಕಾಲದಲ್ಲಿಯೂ ಇಂತಹ ನಿದರ್ಶನಗಳಿಲ್ಲವೆಂದಲ್ಲ. ಗದುಗಿನ ಪುಟ್ಟರಾಜ ಗವಾಯಿಗಳು (1914–2010) ಕೂಸಾಗಿರುವಾಗಲೇ ಕಣ್ಣನ್ನೂ ಹೆತ್ತವರನ್ನೂ ಕಳೆದುಕೊಂಡವರು. ಸೋದರಮಾವನು ಸಾಕಿದನು, ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಗುರುವಾಗಿ ದೊರೆತರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತ ಎಷ್ಟೋ ಮಕ್ಕಳಿಗೆ, ಆಮೇಲೆ ಇಡೀ ನಾಡಿಗೆ, ಅವರು ‘ಅಜ್ಜ’ ಆದರು. ಉತ್ತರ ಕರ್ನಾಟಕದ ಜನ ಮಠದವರನ್ನು ಅಪ್ಪ, ಅಜ್ಜ ಎನ್ನುವುದು ಬರಿಯ ಗೌರವಕ್ಕಲ್ಲ. ಹಾಗೆ ಕರೆಸಿಕೊಂಡವನ ಮೇಲೆ ಒಂದು ಋಣ ಬೀಳುತ್ತದೆ. ನಾಥ ಎಂಬುದರ ಕನ್ನಡ ಅದೇ.

ಈ ಮಠದಲ್ಲಿ ಓದಿ ಹೋದ ನಿಮ್ಮಲ್ಲಿ ಅನೇಕರು ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರಾಗಿದ್ದೀರಿ, ಕಚೇರಿಗಳಲ್ಲಿ ಅಧಿಕಾರಿಗಳಾಗಿದ್ದೀರಿ. ವಿದ್ಯಾರ್ಥಿವೇತನದ ಪಟ್ಟಿ ಬಂದಾಗ ತರಗತಿಯಲ್ಲಿ ‘ಅನಾಥ ಮಕ್ಕಳು ಎದ್ದು ನಿಲ್ಲಿರಿ’ ಎಂದು ಕೂಗುವ ಪದ್ಧತಿ ಕೆಲವೆಡೆ ಉಳಿದಿದೆಯೆಂದು ಕೇಳುತ್ತೇವೆ. ನಿಮ್ಮ ಶಾಲೆಯಲ್ಲಿ ಅದಿದ್ದರೆ ನಿಲ್ಲಿಸಿರಿ. ಆ ಹೆಸರುಗಳನ್ನು ನೀವೇ ದಾಖಲೆಯಿಂದ ಬರೆದುಕೊಳ್ಳಬಹುದು, ಅರ್ಜಿಯನ್ನು ನೀವೇ ತುಂಬಬಹುದು, ಹುಡುಗನ ಸಹಿಯನ್ನು ನಿಮ್ಮ ಕೋಣೆಯಲ್ಲಿ ಹಾಕಿಸಿಕೊಳ್ಳಬಹುದು. ಪೋಷಕರ ಹೆಸರಿನ ಅಂಕಣವನ್ನು ಖಾಲಿ ಬಿಡಬೇಡಿರಿ; ಅಜ್ಜಿಯಿದ್ದರೆ ಅಜ್ಜಿಯ ಹೆಸರನ್ನು ಬರೆಯಿರಿ, ಮಠದಿಂದ ಬರುವ ಹುಡುಗರಿಗೆ ಮಠದ ಹೆಸರನ್ನು ಬರೆಯಿರಿ. ಜೂನ್ ತಿಂಗಳ ದಾಖಲಾತಿಗೆ ಮುನ್ನ ಈ ವಿಷಯದಲ್ಲಿ ನಿಮಗೆ ಕಚೇರಿಯ ನಿಯಮಗಳಿಂದ ಅಡ್ಡಿಯುಂಟಾದರೆ ನಮಗೆ ಬರೆದು ತಿಳಿಸಿರಿ.